ಮಾತು ಕಲಿತ ಫ್ಯಾರಡೆ

ಕಳೆದ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ನನ್ನ ಪ್ರಾಜೆಕ್ಟ್ ಬಗ್ಗೆ ಎರಡು ನಿಮಿಷ ಮಾತನಾಡಲು ಹೇಳಿದರು. ಮಣ್ಣಿನ ತೇವ ನೋಡಿಕೊಂಡು ತಾನೇ ಆನ್, ಆಫ್ ಆಗುವ ಪಂಪ್‌ಸೆಟ್ ನನ್ನ ಪ್ರಾಜೆಕ್ಟ್. ಅದರ ಒಂದೊಂದು ವೈರ್ ಕೂಡ ನನಗೆ ಗೊತ್ತು. ಸೆನ್ಸರ್, ರಿಲೇ, ಮೈಕ್ರೋಕಂಟ್ರೋಲರ್ ಎಂದು ಒಂದೇ ಉಸಿರಿಗೆ ಒದರಿದೆ. ಇದರಿಂದ ಯಾರಿಗೆ ಏನು ಉಪಯೋಗ ಎಂದು ಎದುರಿಗಿದ್ದ ಮೇಡಂ ಕೇಳಿದರು. ನಾನು ಮತ್ತೆ ಸರ್ಕ್ಯೂಟನ್ನೇ ವಿವರಿಸಿದೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಮಾತು ಹುಟ್ಟಿನಿಂದಲೇ ಬರಬೇಕು, ನಮ್ಮಂಥವರಿಗಲ್ಲ ಎಂದು ಸುಮ್ಮನಾಗಿಬಿಟ್ಟಿದ್ದೆ. ಆಗ ಲೈಬ್ರರಿಯಲ್ಲಿ ಸಿಕ್ಕಿದ್ದು ಮೈಕೆಲ್ ಫ್ಯಾರಡೆ ಅವರ ಜೀವನಕಥೆ. 1831ರಲ್ಲಿ ವಿದ್ಯುತ್‌ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದವರು ಎಂದಷ್ಟೇ ನಾನು ಓದಿದ್ದೆ. ಅವರು ಮಾತು ಕಲಿತ ಕಥೆ ಯಾವ ಪಠ್ಯದಲ್ಲೂ ಇರಲಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಕಮ್ಮಾರನ ಮಗನಾಗಿ. ಶಾಲೆ ಕಲಿತಿದ್ದು ಅಷ್ಟಕ್ಕಷ್ಟೆ. ಹದಿನಾಲ್ಕನೇ ವಯಸ್ಸಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಪುಸ್ತಕ ಬೈಂಡಿಂಗ್ ಕೆಲಸ ಕಲಿಯಲು ಸೇರಿದರು. 1812ರಲ್ಲಿ ಆ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಅವರ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಗ್ಯಾಲರಿಯಲ್ಲಿ ಕೂತು ಕೇಳಿದ್ದನ್ನೆಲ್ಲ ಬರೆದುಕೊಂಡು, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು.

ಉಪನ್ಯಾಸ ಕೊಡುವ ಮೊದಲೇ ಅವರು ಉಪನ್ಯಾಸಕರನ್ನು ಗಮನಿಸತೊಡಗಿದ್ದರು. 1813ರಲ್ಲಿ ಗೆಳೆಯ ಅಬಟ್‌ಗೆ ಬರೆದ ಪತ್ರಗಳಲ್ಲಿ ಸಭಾಂಗಣದ ಗಾಳಿ, ಬೆಳಕಿನಿಂದ ಹಿಡಿದು ಎಲ್ಲವೂ ಇದೆ. ಕೇಳುವವರಿಗೆ ಬೆನ್ನು ತೋರಿಸಬಾರದು, ಒಂದು ಗಂಟೆ ಮೀರಬಾರದು ಎಂಬುದು ಅವರ ಲೆಕ್ಕಾಚಾರ. 1818ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬ ಶಿಕ್ಷಕರ ಬಳಿ ಮಾತುಗಾರಿಕೆಯ ಪಾಠಕ್ಕೂ ಸೇರಿದರು. ಮುಂದೆ ತಮ್ಮ ಉಪನ್ಯಾಸಕ್ಕೇ ಅವರನ್ನು ಕೂರಿಸಿ ತಪ್ಪು ಹೇಳಿಸಿಕೊಂಡರು. ಮಾತು ಓಡತೊಡಗಿದರೆ ತಡೆಯಲೆಂದು, ನಿಧಾನ ಎಂದು ಬರೆದ ಚೀಟಿಯನ್ನು ಕಣ್ಣೆದುರು ಇಟ್ಟುಕೊಳ್ಳುತ್ತಿದ್ದರಂತೆ. ಅದನ್ನು ಓದಿದಾಗ ನನ್ನ ಸಂದರ್ಶನ ನೆನಪಾಗಿ ನಗು ಬಂತು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಸಿಕ್ಕಿತು. ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಅವರೇ ಶುರುಮಾಡಿದರು. 1827ರಿಂದ 1860ರವರೆಗೆ ಹತ್ತೊಂಬತ್ತು ಬಾರಿ ಮಕ್ಕಳ ಕ್ರಿಸ್ಮಸ್ ಉಪನ್ಯಾಸಮಾಲೆ ನಡೆಸಿಕೊಟ್ಟರು. ಕೊನೆಯ ಮಾಲೆಯಲ್ಲಿ ಕೈಗೆತ್ತಿಕೊಂಡದ್ದು ಒಂದು ಮೇಣದಬತ್ತಿ. ಅದು ಉರಿಯುವುದನ್ನೇ ತೋರಿಸುತ್ತ ಗಾಳಿ, ನೀರು, ಕೊನೆಗೆ ನಮ್ಮ ಉಸಿರಾಟದವರೆಗೂ ಮಕ್ಕಳನ್ನು ಕರೆದೊಯ್ದರು.

ತಜ್ಞರು ಎಲ್ಲಿ ಎಡವುತ್ತಾರೆ ಎಂಬುದು ಆಗ ನನಗೆ ಹೊಳೆಯಿತು. ಹತ್ತು ಮೆಟ್ಟಿಲು ಹತ್ತಿದವರಿಗೆ ಮೊದಲ ಮೆಟ್ಟಿಲು ಮರೆತುಹೋಗಿರುತ್ತದೆ. ತಪ್ಪಾದೀತೆಂಬ ಭಯಕ್ಕೆ ವಿವರದ ಮೇಲೆ ವಿವರ ಪೇರಿಸುತ್ತೇವೆ, ಮುಖ್ಯ ಮಾತು ಅಡಿಗೆ ಬೀಳುತ್ತದೆ. ಫ್ಯಾರಡೆ ಮಾತ್ರ ತಾವು ಕೂತಿದ್ದ ಆ ಗ್ಯಾಲರಿಯನ್ನು ಮರೆಯಲಿಲ್ಲ. ಅವರಿಗೆ ಉನ್ನತ ಗಣಿತ ಗೊತ್ತಿರಲಿಲ್ಲ. 1857ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ತರುಣ ಮ್ಯಾಕ್ಸ್‌ವೆಲ್‌ಗೆ ಪತ್ರ ಬರೆದು, ಸೂತ್ರಗಳಲ್ಲಿ ಕಂಡುಕೊಂಡದ್ದನ್ನು ಸಾಮಾನ್ಯರ ಮಾತಿನಲ್ಲೂ ಹೇಳಲಾಗದೇ ಎಂದು ವಿಚಾರಿಸಿದ್ದರು. ಅರ್ಥವಾಗಲಿಲ್ಲ ಎನ್ನಲು ಅಷ್ಟು ದೊಡ್ಡ ವಿಜ್ಞಾನಿಗೇ ನಾಚಿಕೆ ಇರಲಿಲ್ಲ. 1867ರಲ್ಲಿ ಅವರು ತೀರಿಕೊಂಡರು.

ಪುಸ್ತಕ ಮುಚ್ಚಿದ ಮೇಲೆ, ನನ್ನ ಪ್ರಾಜೆಕ್ಟನ್ನು ಮನೆಯಲ್ಲಿ ಅಮ್ಮನಿಗೆ ಹೇಳಿನೋಡಿದೆ. ಎರಡನೇ ವಾಕ್ಯಕ್ಕೇ ಅಮ್ಮ ತಡೆದು, ಹಾಗಾದರೆ ಇನ್ನು ಅಪ್ಪ ರಾತ್ರಿ ಹೊಲಕ್ಕೆ ಹೋಗಬೇಕಿಲ್ಲವೇ ಎಂದು ಕೇಳಿದರು. ನಮ್ಮೂರಿನಲ್ಲಿ ತ್ರೀಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಹಾವು, ಚೇಳಿನ ಕತ್ತಲಲ್ಲಿ ಟಾರ್ಚ್ ಹಿಡಿದು ಅಪ್ಪ ಮೋಟರ್ ಹಾಕಲು ಹೋಗುವುದನ್ನು ನೋಡಿಯೇ ನಾನು ಆ ಪ್ರಾಜೆಕ್ಟ್ ಆರಿಸಿದ್ದು. ಸಂದರ್ಶನದಲ್ಲಿ ಹೇಳದೆ ಬಿಟ್ಟದ್ದು ಅದೊಂದನ್ನೇ!

ಮುಂದಿನ ವಾರ ಇನ್ನೊಂದು ಸಂದರ್ಶನವಿದೆ. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಈ ಸಲ ಅಪ್ಪನ ಟಾರ್ಚಿನಿಂದಲೇ ಮಾತು ಶುರುಮಾಡುತ್ತೇನೆ. ನಿಧಾನ ಎಂದು ಬರೆದ ಚೀಟಿಯೊಂದು ಈಗಾಗಲೇ ನನ್ನ ಫೈಲಿನಲ್ಲಿದೆ.