ನಾಟಕಕಾರ ಶ್ರೀರಂಗರು

ಹೊರನಾಡಿನಲ್ಲಿ ನಮಗೆ ರಾಜ್ಯೋತ್ಸವವೆಂದರೆ ಒಂದು ನಾಟಕ ಇರಲೇಬೇಕು. ಕಚೇರಿ ಮುಗಿಸಿ ಬಂದವರೂ ಕಾಲೇಜಿನ ಹುಡುಗರೂ ಕೂಡಿ, ಸಿಕ್ಕ ಕೋಣೆಯಲ್ಲಿ ತಾಲೀಮು ನಡೆಸಿ, ಹೇಗೋ ಆಡಿ ಮುಗಿಸುತ್ತೇವೆ. ಕಿರೀಟ, ಗದೆಗಳಿಲ್ಲದೆ ನಮ್ಮ ಮನೆಯ ಮಾತನ್ನೇ ರಂಗದ ಮೇಲೆ ಆಡಬಹುದೆಂದು ಉತ್ತರ ಕರ್ನಾಟಕಕ್ಕೆ ತೋರಿಸಿಕೊಟ್ಟವರಲ್ಲಿ ಶ್ರೀರಂಗರು ಅಗ್ರಗಣ್ಯರು.

ಅವರು ಹುಟ್ಟಿದ್ದು 1904ರ ಸೆಪ್ಟೆಂಬರ್ 26ರಂದು, ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ. ನಮ್ಮ ಈ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ವ್ಯಾಸಂಗ ಮುಗಿಸಿ, 1928ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾದರು. ಆಗ ಅವರು ಜಾಗೀರದಾರ ಮಾಸ್ತರರು. ಮುಂದೆ ಆ ಅಡ್ಡಹೆಸರನ್ನು ಬಿಟ್ಟು ಆದ್ಯ ರಂಗಾಚಾರ್ಯರಾದರು. ಜಾಗೀರು ಕಳಚಿದ ಹೆಸರೇ ಅವರಿಗೆ ಹೆಚ್ಚು ಒಪ್ಪುತ್ತದೆಂದು ನಮ್ಮ ಭಾವನೆ.

ಆ ಕಾಲಕ್ಕೆ ನಾಟಕವೆಂದರೆ ಕಂಪನಿಯ ನಾಟಕ. ಪುರಾಣದ ಕಥೆ, ಹಾಡಿನ ಮೇಲೆ ಹಾಡು, ಬಣ್ಣದ ಪರದೆ, ಒನ್ಸ್‌ಮೋರಿನ ಕೂಗು. ಜೊತೆಗೆ ಮರಾಠಿ ಸಂಗೀತ ನಾಟಕಗಳ ಮೋಹ. ಅದನ್ನು ನಾವು ಹಳಿಯಲಾರೆವು. ಗರುಡ ಸದಾಶಿವರಾಯರಂಥ ನಟರನ್ನು ನಾಡಿಗೆ ಕೊಟ್ಟದ್ದು ಆ ರಂಗವೇ. ಆದರೆ ಕಂಪನಿ ಬದುಕಬೇಕಾದರೆ ಗಲ್ಲಾಪೆಟ್ಟಿಗೆ ತುಂಬಬೇಕು. ಟಿಕೀಟು ಕೊಂಡು ಬಂದವರನ್ನು ಅವರ ಮಡಿ ಮೈಲಿಗೆಯ ವಿಷಯ ಎತ್ತಿ ನೋಯಿಸಿದರೆ ನಾಳೆ ಬರುವವರಾರು? ಕಾಲೇಜಿನ ಹುಡುಗರಿಗೆ ಆ ಚಿಂತೆಯಿಲ್ಲ. ಸಮಾಜಕ್ಕೆ ಹೇಳಲೇಬೇಕಾದದ್ದನ್ನು ಹವ್ಯಾಸಿಗಳೇ ಹೇಳಬೇಕಾಗಿತ್ತು. 1930ರ ‘ಉದರ ವೈರಾಗ್ಯ’ದಿಂದ ಮೊದಲ್ಗೊಂಡು ಶ್ರೀರಂಗರು ಅಂಥವರಿಗೆಂದು ಬರೆಯುತ್ತ ಹೋದರು.

‘ಹರಿಜನ್ವಾರ’ವನ್ನೇ ನೋಡಿರಿ. ಕೇಳಿದೊಡನೆ ಹರಿಜನರ ನೆನಪಾಗುತ್ತದೆ. ಒಡೆದು ಓದಿದರೆ ‘ಹರಿ ಜನ್ವಾರ’! ನಮ್ಮ ಕಡೆಯ ಆಡುಮಾತಿನಲ್ಲಿ ಜನಿವಾರಕ್ಕೆ ಜನ್ವಾರವೆನ್ನುವುದನ್ನು ಬಲ್ಲವರಿಗೆ ಈ ಚಮತ್ಕಾರದ ಮೊನೆ ಎಲ್ಲಿ ಚುಚ್ಚುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬರೆದವರು ಸ್ವತಃ ಬ್ರಾಹ್ಮಣ ಮನೆತನದವರು. ಹೊಟ್ಟೆಪಾಡಿಗೆ ಸಂಸ್ಕೃತದ ಪಾಠ. ಕೆಲಸ ಮಾಡುತ್ತಿದ್ದ ಕಾಲೇಜು ಪರಸರಕಾರದ್ದು. ಅಸ್ಪೃಶ್ಯತೆಯನ್ನು ವೇದಿಕೆಯ ಮೇಲೆ ತಂದು ನಿಲ್ಲಿಸುವುದೆಂದರೆ ನೆಂಟರಿಷ್ಟರನ್ನೇ ಎದುರು ಹಾಕಿಕೊಂಡಂತೆ. ಅದೂ ಪೇಟೆಯ ವೃತ್ತಿನಟರ ಬಾಯಿಂದಲ್ಲ, ಅದೇ ಮನೆಗಳಿಂದ ಬಂದ ಓದುವ ಹುಡುಗರ ಬಾಯಿಂದ!

ಅವರ ನಾಟಕಗಳಲ್ಲಿ ಮಾತು ಹೆಚ್ಚು ಎಂಬ ಆಕ್ಷೇಪವಿದೆ. ಸುಳ್ಳಲ್ಲ. ಎಷ್ಟೋ ಕಡೆ ಪಾತ್ರಗಳು ನಡೆದಾಡುವುದನ್ನು ಮರೆತು ವಾದಕ್ಕೆ ಕೂಡುತ್ತವೆ. ಆಡಿದ ನಮಗೆ ಅದರ ಕಷ್ಟ ಗೊತ್ತು. ಆದರೆ ಆ ಮಾತು ಧಾರವಾಡದ ಮಾತು, ಮೊನಚಾದ ಮಾತು. ಬರೆದದ್ದೂ ಅಲ್ಪವಲ್ಲ: 40ಕ್ಕೂ ಮಿಕ್ಕ ದೊಡ್ಡ ನಾಟಕಗಳು, 50ಕ್ಕೂ ಮೇಲ್ಪಟ್ಟು ಏಕಾಂಕಗಳು.

ಸ್ವಾತಂತ್ರ್ಯ ಬಂದ ಮೇಲೂ ಅವರು ಮೆತ್ತಗಾಗಲಿಲ್ಲ. ಅಧಿಕಾರದ ಬೆನ್ನು ಹತ್ತಿದವರ ನಡುವೆ ಗಾಂಧೀವಾದಿ ಏನಾಗುತ್ತಾನೆಂದು ‘ಶೋಕಚಕ್ರ’ ಕೇಳಿತು. ‘ಕೇಳು ಜನಮೇಜಯ’ ಹಿಂದಿಗೂ ಹೋಗಿ ದೆಹಲಿಯ ರಂಗವನ್ನೇರಿತು. ಏಕೀಕರಣದ ವರ್ಷವಾದ 1956ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ಕಾಳಿದಾಸ’ ಗ್ರಂಥಕ್ಕೆ 1971ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ, ಮರುವರ್ಷ ಪದ್ಮಭೂಷಣ. ಇಳಿವಯಸ್ಸಿನಲ್ಲಿ ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. ಸಂಸ್ಕೃತದ ಮಾಸ್ತರರು ಕೊನೆಗೂ ತಮ್ಮ ಪಾಠಕ್ಕೇ ಮರಳಿದ್ದರು. 1984ರ ಅಕ್ಟೋಬರ್ 17ರಂದು, ರಾಜ್ಯೋತ್ಸವಕ್ಕೆ ಇನ್ನು ಹದಿನೈದು ದಿನಗಳಿರುವಾಗ, ಅವರು ತೀರಿಕೊಂಡರು.