ವಿಶ್ವೇಶ್ವರಯ್ಯನವರ ವಿದೇಶಪ್ರವಾಸಗಳು

2023ನೆಯ ಏಪ್ರಿಲ್ ತಿಂಗಳಲ್ಲಿ ಸೂಡಾನ್ ದೇಶದ ಸೈನ್ಯಕ್ಕೂ ಅರೆಸೈನ್ಯಕ್ಕೂ ಕಾಳಗ ಹತ್ತಿದಾಗ, ನಾರುಬೇರಿನ ಔಷಧಿಗಳನ್ನು ಮಾರಲು ಅಲ್ಲಿಗೆ ಹೋಗಿದ್ದ ಶಿವಮೊಗ್ಗದ ಸೀಮೆಯ ಹಕ್ಕಿಪಿಕ್ಕಿ ಜನರು ದಿಕ್ಕುಗಾಣದೆ ಸಿಕ್ಕಿಬಿದ್ದರು. ಭಾರತ ಸರ್ಕಾರವು ಕಾವೇರಿಯೆಂಬ ಹೆಸರಿಟ್ಟು ನಡೆಸಿದ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಮಂದಿ ಸ್ವದೇಶೀಯರನ್ನು ಬಹುಮಟ್ಟಿಗೆ ಪೋರ್ಟ್ ಸೂಡಾನ್, ಜಿದ್ದಾ ಮಾರ್ಗವಾಗಿ ಪಾರುಗಾಣಿಸಿತು. ಪರದೇಶದಲ್ಲಿ ಆಪತ್ತಿಗೊಳಗಾದ ಬಡವನಿಗೂ ತನ್ನದೆಂದು ಹೇಳಿಕೊಳ್ಳಲು ಒಂದು ರಾಯಭಾರ ಕಚೇರಿಯಿರುವುದು ಇಂದು ನಮಗೆ ಸಹಜವೆನಿಸಿದೆ. ಅಂತಹ ಕಚೇರಿಯೇ ಇಲ್ಲದಿದ್ದ ಕಾಲದಲ್ಲಿ ಪದೇಪದೇ ಸಮುದ್ರ ದಾಟಿದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣಪುರುಷರಾದ ಸರ್ ಎಂ. ವಿಶ್ವೇಶ್ವರಯ್ಯನವರ ಚರಿತ್ರೆಯನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಬಯಸುತ್ತೇವೆ.

ಮುದ್ದೇನಹಳ್ಳಿಯ ಬಡ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿ, ಬೆಂಗಳೂರು, ಪುಣೆಗಳಲ್ಲಿ ವ್ಯಾಸಂಗ ಮಾಡಿ, 1884ರಲ್ಲಿ ಅವರು ಮುಂಬಯಿ ಸರ್ಕಾರದ ಇಂಜಿನಿಯರಾದರು. 1898ರಲ್ಲಿ ಜಪಾನನ್ನು ನೋಡಿಬಂದರು. ಆಗ ರಹದಾರಿಯ ಕಟ್ಟುನಿಟ್ಟು ಅಷ್ಟಾಗಿ ಇರಲಿಲ್ಲ. ಅದು 1914ರ ಮಹಾಯುದ್ಧವು ತಂದ ತೊಡಕು. 1906ರಲ್ಲಿ ನೀರಿನ ಏರ್ಪಾಡಿಗಾಗಿ ಏಡನ್ನಿಗೆ ಹೋದರು. ಕಡಲಾಚೆಯ ಆ ಊರೂ ಮುಂಬಯಿ ಸರ್ಕಾರದ ಕೈಕೆಳಗೆಯೇ ಇದ್ದಿತೆಂಬುದು ಆ ಕಾಲದ ವಿಚಿತ್ರ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಆ ಅವಧಿಯಲ್ಲಿಯೇ, 1913ರ ನವೆಂಬರಿನಲ್ಲಿ, 1881ರ ಹಸ್ತಾಂತರ ಪತ್ರದ ಸ್ಥಾನದಲ್ಲಿ ಒಪ್ಪಂದವೊಂದು ಏರ್ಪಟ್ಟಿತು. ಇದರಿಂದ ಸಂಸ್ಥಾನದ ಗೌರವ ಹೆಚ್ಚಿತು, ನಿಜ. ಆದರೆ ಪರರಾಷ್ಟ್ರಗಳೊಡನೆಯಾಗಲಿ ಅವುಗಳ ಪ್ರತಿನಿಧಿಗಳೊಡನೆಯಾಗಲಿ ಗವರ್ನರ್ ಜನರಲ್ಲರ ಮೂಲಕವಲ್ಲದೆ ಪತ್ರವ್ಯವಹಾರ ಮಾಡಬಾರದೆಂಬ ಕಟ್ಟು ಹಾಗೆಯೇ ಉಳಿಯಿತು. ಭಾರತೀಯನಲ್ಲದವನನ್ನು ಅವರ ಅನುಮತಿಯಿಲ್ಲದೆ ಸೇವೆಗೆ ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಮೈಸೂರಿನ ಪ್ರಜೆ ಹೊರದೇಶದಲ್ಲಿ ಬ್ರಿಟಿಷರ ರಕ್ಷಿತ ವ್ಯಕ್ತಿಯೆಂದೆನಿಸುತ್ತಿದ್ದನು. ಹಣ ಕಳೆದುಕೊಂಡರೂ ಕಾಯಿಲೆ ಬಿದ್ದರೂ ಅವನು ತಟ್ಟಬೇಕಾದುದು ಆಂಗ್ಲ ಕಾನ್ಸಲರ ಬಾಗಿಲನ್ನೇ. ದೊರೆಯಿದ್ದರೂ ದೊರೆಯ ದೂತನಿಲ್ಲ!

ಇಂತಹ ಸಂಸ್ಥಾನವು ಕಬ್ಬಿಣವನ್ನು ಕರಗಿಸಹೊರಟಿತು. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಭದ್ರಾವತಿಗೆ ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಕಾಡುಗಳ ಸೌದೆಯೂ ದೊರೆಯುವಂತಿದ್ದಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮರದ ಇದ್ದಲಿನಿಂದ ಕಬ್ಬಿಣ ತೆಗೆಯುವ ಕ್ರಮವನ್ನು ಆರಿಸಬೇಕಾಯಿತು. ಸಲಹೆ ಬಂದದ್ದು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆಯಿಂದ. ಅಮೆರಿಕದಲ್ಲಿ ಮೈಸೂರಿಗೆ ರಾಯಭಾರಿಯಿಲ್ಲ, ಕಾನ್ಸಲನಿಲ್ಲ. ದಿವಾನಗಿರಿಯನ್ನು ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರು 1919ರಲ್ಲಿ ಜಪಾನ್, ಅಮೆರಿಕ, ಇಂಗ್ಲೆಂಡುಗಳ ಸಂಚಾರಕ್ಕೆ ಹೊರಟು ಅಲ್ಲಿನ ಕಾರ್ಖಾನೆಗಳನ್ನೂ ಆರ್ಥಿಕ ಏರ್ಪಾಡುಗಳನ್ನೂ ಕಣ್ಣಾರೆ ಕಂಡರು. ರಾಯಭಾರ ಕಚೇರಿಯೊಂದು ತನ್ನ ನಾಡಿಗಾಗಿ ಸಂಗ್ರಹಿಸಬೇಕಾದುದನ್ನು ಒಬ್ಬ ನಿವೃತ್ತ ಇಂಜಿನಿಯರು ಸಂಗ್ರಹಿಸಿ ತಂದರೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗಲಾರದು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿದಾಗ ಯುದ್ಧಕಾಲದ ಬೆಲೆಗಳು ಇಳಿದುಹೋಗಿದ್ದವು. ಕಾರ್ಖಾನೆ ನಷ್ಟಕ್ಕೀಡಾಯಿತು, ರಾಜ್ಯದ ಹಣವನ್ನು ಕಾಡಿನಲ್ಲಿ ಸುರಿದರೆಂಬ ನಿಂದೆಯೂ ಹುಟ್ಟಿತು. ಆ ವರ್ಷವೇ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಅವರು ವೆಚ್ಚವನ್ನು ಬಿಗಿಮಾಡಿದರು. ಅಮೆರಿಕದ ಕೆಲಸಗಾರರ ಸ್ಥಾನಗಳಿಗೆ ನಮ್ಮವರನ್ನೇ ಪಳಗಿಸಿದರು. ವಿದೇಶವನ್ನು ಮೆಚ್ಚಿದ್ದರೂ ವಿದೇಶೀಯರನ್ನೇ ಎಂದೆಂದಿಗೂ ನಂಬಿಕೊಂಡಿರಲು ಅವರು ಒಪ್ಪಲಿಲ್ಲ.

ಮುಂದೆ ಲಂಡನ್ನಿನಲ್ಲಿ ಮೈಸೂರಿನ ವ್ಯಾಪಾರ ಕಮಿಷನರರ ಕಚೇರಿ ಬಂದಿತು. 1941ರಲ್ಲಿ ವಾಷಿಂಗ್ಟನ್ನಿಗೆ ಭಾರತದ ಏಜೆಂಟ್ ಜನರಲ್ಲರೊಬ್ಬರು ನೇಮಕವಾದರು. ಮೊದಲನೆಯದು ಸರಕಿಗಾಗಿ, ಎರಡನೆಯದು ಆಂಗ್ಲರ ಆಡಳಿತದ ಹೆಸರಿನಲ್ಲಿ. 1946ರಲ್ಲಿ ಎಂಭತ್ತೈದರ ಆಸುಪಾಸಿನ ವೃದ್ಧರು ಭಾರತದ ಕೈಗಾರಿಕೋದ್ಯಮಿಗಳ ತಂಡವೊಂದರ ನಾಯಕರಾಗಿ ಯೂರೋಪು, ಅಮೆರಿಕಗಳಿಗೆ ಮತ್ತೊಮ್ಮೆ ಹೊರಟಾಗಲೂ ಸ್ವತಂತ್ರ ದೇಶದ ರಹದಾರಿ ಅವರಿಗಿರಲಿಲ್ಲ.

ಮರುವರ್ಷದ ಆಗಸ್ಟಿನಲ್ಲಿ ಮೈಸೂರು ವಿಲೀನಪತ್ರಕ್ಕೆ ಸಹಿ ಮಾಡಿ ರಕ್ಷಣೆ, ಸಂಪರ್ಕಗಳ ಜೊತೆಗೆ ವಿದೇಶ ವ್ಯವಹಾರವನ್ನೂ ಭಾರತಕ್ಕೆ ಒಪ್ಪಿಸಿತು. ಗವರ್ನರ್ ಜನರಲ್ಲರ ಮೂಲಕವೇ ಬರೆಯಬೇಕೆಂಬ ಹಳೆಯ ಕಟ್ಟು ಅಲ್ಲಿಗೆ ಬಿದ್ದುಹೋಯಿತು. ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಭದ್ರಾವತಿಯ ಕಾರ್ಖಾನೆಗೆ ತರುವಾಯ ಅವರ ಹೆಸರನ್ನೇ ಇಟ್ಟರು. ಈಗ ಶಿವಮೊಗ್ಗದ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟಿಗೆ ಅರ್ಜಿ ಕೊಡಬಹುದಾಗಿದೆ.