ರಾಬರ್ಟ್ ಬ್ರೂಸ್ ಫೂಟ್: ಕಲ್ಲಿನ ಆಯುಧದಿಂದ ಆದಿಮಾನವನ ಬದುಕಿನೆಡೆಗೆ

ಭಾರತದ ಪ್ರಾಗಿತಿಹಾಸ ಅಧ್ಯಯನದ ಚರಿತ್ರೆಯನ್ನು ಬರೆಯುವವರೆಲ್ಲರೂ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಿಂದಲೇ ಆರಂಭಿಸುವುದು ರೂಢಿಯಾಗಿದೆ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರದಲ್ಲಿ ಅವರು ಕಂಡ ಒಂದು ಕಲ್ಲಿನ ಆಯುಧವನ್ನು ಉಲ್ಲೇಖಿಸಿ, ಅವರನ್ನು ಈ ಕ್ಷೇತ್ರದ ಪಿತಾಮಹನೆಂದು ಕರೆದು ಮುಂದಕ್ಕೆ ಸಾಗುತ್ತೇವೆ. ಈ ಬಿರುದು ಅವರಿಗೆ ಸಲ್ಲತಕ್ಕದ್ದೇ. ಆದರೆ ಮೊದಲು ಕಂಡವರು ಎಂಬ ಒಂದೇ ಕಾರಣಕ್ಕೆ ಅವರನ್ನು ನೆನೆಯುವುದರಿಂದ ಅವರ ಕೆಲಸದ ನಿಜವಾದ ಸ್ವರೂಪ ಮರೆಯಾಗುತ್ತದೆ. ಆಯುಧ ಯಾವ ನೆಲದ ಯಾವ ಸ್ತರದಲ್ಲಿತ್ತು, ಅದನ್ನು ಯಾವ ಕಲ್ಲಿನಿಂದ ಮಾಡಲಾಗಿತ್ತು, ಆ ಕಲ್ಲು ಹತ್ತಿರದಲ್ಲಿ ಎಲ್ಲಿ ದೊರೆಯುತ್ತಿತ್ತು ಎಂಬ ಪ್ರಶ್ನೆಗಳನ್ನು ಅವರು ಐದು ದಶಕಗಳ ಕಾಲ ಬಿಡದೆ ಕೇಳುತ್ತ ಬಂದರು. ಆದಿಮಾನವನ ಬದುಕಿನ ಬಗ್ಗೆ ಇಂದು ನಮಗೆ ತಿಳಿದಿರುವ ಅನೇಕ ಸಂಗತಿಗಳ ಬೇರು ಈ ಪ್ರಶ್ನೆಗಳಲ್ಲಿದೆ. ಅವರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರ ಸೆಪ್ಟೆಂಬರ್ 22ರಂದು ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯದಲ್ಲಿ ಕೆಲಸಕ್ಕೆ ತೊಡಗಿದರು. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ಸ್ಥಾಪನೆಗೊಂಡ ಈ ಇಲಾಖೆಯ ಮುಖ್ಯ ಗುರಿ ಕಲ್ಲಿದ್ದಲು, ಲೋಹ ಮುಂತಾದ ಖನಿಜಗಳ ಶೋಧ. ಇದು ವಸಾಹತು ಆಡಳಿತದ ಆರ್ಥಿಕ ಅಗತ್ಯಗಳಿಂದ ಹುಟ್ಟಿದ ಸಂಸ್ಥೆ. ಭೂವಿಜ್ಞಾನಿಗಳು ವರ್ಷದ ಹೆಚ್ಚಿನ ಭಾಗವನ್ನು ಬಿಡಾರಗಳಲ್ಲಿ ಕಳೆಯುತ್ತ, ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಸಂಚರಿಸುತ್ತ, ನೆಲದ ನಕ್ಷೆಯನ್ನು ಸಿದ್ಧಪಡಿಸಬೇಕಿತ್ತು. ಪ್ರಾಗಿತಿಹಾಸದ ಅಧ್ಯಯನ ಈ ಕರ್ತವ್ಯದ ಭಾಗವಾಗಿರಲಿಲ್ಲ. ಆದರೆ ಹೊಳೆಯ ದಂಡೆ, ಜಲ್ಲಿಯ ಪದರ, ಬಂಡೆಯ ಸ್ವರೂಪ ಇವುಗಳನ್ನು ದಿನವೂ ಓದುವ ಅಭ್ಯಾಸ ಅವರಿಗೆ ಈ ಕೆಲಸದಿಂದಲೇ ಬಂದಿತು.

ಆ ಕಾಲದ ಯೂರೋಪಿನ ವಿದ್ವತ್ ವಲಯದ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ಬೂಶೆ ದ ಪೆರ್ತ್ ಅವರು ನಶಿಸಿಹೋದ ಪ್ರಾಣಿಗಳ ಎಲುಬುಗಳೊಡನೆ ಕಲ್ಲಿನ ಆಯುಧಗಳನ್ನು ಗುರುತಿಸಿದ್ದರೂ ವಿದ್ವಾಂಸರು ಬಹುಕಾಲ ಅದನ್ನು ಒಪ್ಪಿರಲಿಲ್ಲ. 1859ರಲ್ಲಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಅವರು ಸ್ಥಳಪರಿಶೀಲನೆ ನಡೆಸಿದ ಮೇಲೆ ಮಾನವನ ಪ್ರಾಚೀನತೆಯ ಪ್ರಶ್ನೆ ಹೊಸ ತಿರುವು ಪಡೆಯಿತು. ಚಾರ್ಲ್ಸ್ ಲಯೆಲ್ ಅವರ ಈ ವಿಷಯದ ಗ್ರಂಥ ಪ್ರಕಟವಾದುದು 1863ರಲ್ಲಿ. ಅದೇ ವರ್ಷದ ಮೇ 30ರಂದು ಫೂಟ್ ಅವರು ಪಲ್ಲಾವರದ ಕವಾಯತು ಮೈದಾನದ ಬಳಿ ಜಂಬಿಟ್ಟಿಗೆಯ ಜಲ್ಲಿ ತೆಗೆದಿದ್ದ ಗುಂಡಿಯಲ್ಲಿ, ಮಾನವನು ಕೆತ್ತಿ ರೂಪಿಸಿದ ಕಲ್ಲೊಂದನ್ನು ಕಂಡರು. ಯೂರೋಪಿನ ಚರ್ಚೆಯನ್ನು ಬಲ್ಲವರಾಗಿದ್ದುದರಿಂದಲೇ ಅದು ಸಾಮಾನ್ಯ ಕಲ್ಲಲ್ಲವೆಂಬುದು ಅವರಿಗೆ ಹೊಳೆಯಿತು.

ಒಂದು ಕಲ್ಲಿನಿಂದ ಯಾವ ನಿರ್ಣಯಕ್ಕೂ ಬರಲಾಗದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಕೊರ್ತಲೈಯಾರ್ ನದಿಯ ಕಣಿವೆಯ ಅತ್ತಿರಂಪಾಕ್ಕಂನಲ್ಲಿ ಫೂಟ್ ಅವರಿಗೆ ಅಂಥ ಆಯುಧಗಳು ವಿಪುಲವಾಗಿ ದೊರೆತವು. ಅವು ನೆಲದ ಮೇಲ್ಭಾಗದಲ್ಲಿ ಚೆದುರಿರುವುದರ ಜೊತೆಗೆ ಭೂಸ್ತರದ ಒಳಗೂ ಹುದುಗಿವೆ ಎಂಬುದನ್ನು ಅವರು ದಾಖಲಿಸಿದರು. ಈ ಅಂಶವೇ ಅವರ ವಾದಕ್ಕೆ ಬಲ ನೀಡಿತು. ಸ್ತರದೊಳಗೆ ಹುದುಗಿದ ವಸ್ತು ಆ ಸ್ತರ ರೂಪುಗೊಳ್ಳುವ ಮೊದಲೇ ಇದ್ದಿರಬೇಕಷ್ಟೆ. ಹೀಗೆ ಭಾರತದಲ್ಲಿಯೂ ಮಾನವನ ಇತಿಹಾಸ ಲಿಖಿತ ಸಾಕ್ಷ್ಯಗಳ ಆಚೆಗೆ, ಭೂವೈಜ್ಞಾನಿಕ ಕಾಲಮಾನಕ್ಕೆ ಚಾಚಿಕೊಳ್ಳುತ್ತದೆ ಎಂಬುದು ಸ್ಥಾಪಿತವಾಯಿತು. 1868ರಲ್ಲಿ ಇಂಗ್ಲೆಂಡಿನ ವಿದ್ವಾಂಸರ ಮುಂದೆಯೂ ಅವರು ದಕ್ಷಿಣ ಭಾರತದ ಶಿಲಾಯುಧಗಳ ಹಂಚಿಕೆಯನ್ನು ಮಂಡಿಸಿದರು.

ಫೂಟ್ ಅವರ ಸೇವಾವಧಿಯ ಮಹತ್ವದ ಭಾಗ ಕನ್ನಡ ನಾಡಿನಲ್ಲಿ ಕಳೆಯಿತು. ಆಗ ದಕ್ಷಿಣ ಮಹಾರಾಷ್ಟ್ರ ಪ್ರದೇಶವೆಂದು ಆಡಳಿತಗಾರರು ಕರೆಯುತ್ತಿದ್ದ ಬೆಳಗಾವಿ, ಬಿಜಾಪುರ, ಧಾರವಾಡ ಸೀಮೆಯ ಭೂವಿವರಣೆಯನ್ನು ಅವರು 1876ರಲ್ಲಿ ಪ್ರಕಟಿಸಿದರು. ಮಲಪ್ರಭಾ ಕಣಿವೆಯ ಜಲ್ಲಿಪದರಗಳಲ್ಲಿ ಶಿಲಾಯುಧಗಳಿರುವುದನ್ನು ಗುರುತಿಸಿದವರಲ್ಲಿ ಅವರೇ ಮೊದಲಿಗರು. ದಕ್ಷಿಣ ಭಾರತದ ಚಿನ್ನದ ನಿಕ್ಷೇಪಗಳಿಗೆ ಸಂಬಂಧಿಸಿದ ಪ್ರಾಚೀನ ಶಿಲಾಸಮೂಹವನ್ನು ಬೇರೆಯಾಗಿ ಗುರುತಿಸಿ ಅದಕ್ಕೆ ಧಾರವಾಡದ ಹೆಸರನ್ನಿತ್ತವರೂ ಇವರೇ. ಬಳ್ಳಾರಿ ಜಿಲ್ಲೆಯ ಭೂವಿವರಣೆ 1895ರಲ್ಲಿ ಹೊರಬಂದಿತು. ಅಶೋಕನ ಶಾಸನ ಮಸ್ಕಿಯಲ್ಲಿ ಬೆಳಕಿಗೆ ಬಂದುದು 1915ರಲ್ಲಿ. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಆ ನೆಲೆಯ ಪ್ರಾಗೈತಿಹಾಸಿಕ ಅವಶೇಷಗಳನ್ನು ಫೂಟ್ ಅವರು ಗಮನಿಸಿದ್ದರು.

ಬಳ್ಳಾರಿ ಸೀಮೆಯಲ್ಲಿ ಅವರಿಗೆ ಎದುರಾದುದು ಮದರಾಸಿನ ಸುತ್ತಲಿನದಕ್ಕಿಂತ ಭಿನ್ನವಾದ ಚಿತ್ರ. ಅಲ್ಲಿ ಕ್ವಾರ್ಟ್ಜೈಟ್ ಎಂಬ ಗಡಸು ಕಲ್ಲಿನ ಒರಟು ಕೈಗೊಡಲಿಗಳಿದ್ದರೆ, ಇಲ್ಲಿ ಕಪ್ಪು ಟ್ರ್ಯಾಪ್ ಶಿಲೆಯನ್ನು ಕೆತ್ತಿ, ಉಜ್ಜಿ, ನಯಗೊಳಿಸಿದ ಕೊಡಲಿಗಳಿದ್ದವು. ಬಳ್ಳಾರಿಯ ಬಳಿಯ ಕುಪ್ಗಲ್ಲಿನ ಗುಡ್ಡದಲ್ಲಿ ಆಯುಧ ತಯಾರಿಕೆಯ ಎಲ್ಲ ಹಂತಗಳ ಚೂರುಗಳೂ ರಾಶಿಯಾಗಿ ಬಿದ್ದಿದ್ದುದರಿಂದ ಅದೊಂದು ದೊಡ್ಡ ಕಮ್ಮಟವೆಂದು ಅವರು ನಿರ್ಧರಿಸಿದರು. ಕಚ್ಚಾಕಲ್ಲು ದೊರೆಯುವ ಜಾಗಕ್ಕೂ ಮಾನವನ ನೆಲೆಗೂ ನಂಟಿದೆ ಎಂಬ ತತ್ತ್ವವನ್ನು ಅವರು ಎರಡೂ ಯುಗಗಳಿಗೆ ಅನ್ವಯಿಸಿದರು. ಆಯುಧವೆಂದರೆ ಮಾನವನ ಆಯ್ಕೆಯ ಕುರುಹು ಎಂಬ ತಿಳಿವಳಿಕೆ ಈ ತತ್ತ್ವದ ಹಿಂದಿದೆ.

ಬೂದಿದಿಬ್ಬಗಳ ವಿಷಯದಲ್ಲಿ ಅವರ ತರ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿರುವ ಈ ದಿಬ್ಬಗಳನ್ನು ಕುರಿತು ಜನಪದರಲ್ಲಿ ಹಲವು ಕಥೆಗಳಿವೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮವೆಂಬ ನಂಬಿಕೆ ಪ್ರಸಿದ್ಧವಾದುದು. ಕ್ಯಾಪ್ಟನ್ ನ್ಯೂಬೋಲ್ಡ್ ಅವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇವುಗಳನ್ನು ವಿವರಿಸಿದ್ದರು. ರಾಬರ್ಟ್ ಸಿವೆಲ್ ಅವರು ಇವುಗಳನ್ನು ವಿಜಯನಗರ ಕಾಲದ ದಹನಕ್ರಿಯೆಗಳೊಂದಿಗೆ ಜೋಡಿಸಲು ಯತ್ನಿಸಿದರು. ಫೂಟ್ ಅವರಾದರೋ ದಿಬ್ಬಗಳ ಜೊತೆಗೆ ದೊರೆಯುವ ನಯಗೊಡಲಿ, ಮಡಕೆಯ ಚೂರು, ದನದ ಎಲುಬುಗಳನ್ನು ಒಟ್ಟಾಗಿ ಪರಿಶೀಲಿಸಿ, ಇವು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಉರಿದು ಉಂಟಾದವುಗಳೆಂದು ಪ್ರತಿಪಾದಿಸಿದರು. ಈ ಅಭಿಪ್ರಾಯಕ್ಕೆ ಮನ್ನಣೆ ದೊರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಎಫ್.ಆರ್. ಆಲ್ಚಿನ್ ಅವರು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ದೊಡ್ಡಿಯ ಬೇಲಿಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡುಬಂದು ಫೂಟ್ ಅವರ ಊಹೆ ದೃಢಪಟ್ಟಿತು.

ಅವರ ಕೆಲಸದ ಮಿತಿಗಳನ್ನು ಗುರುತಿಸದಿದ್ದರೆ ಈ ಪರಿಶೀಲನೆ ಅಪೂರ್ಣವಾಗುತ್ತದೆ. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನವಸತಿಯಿಲ್ಲದ ದೀರ್ಘ ಅಂತರವಿತ್ತೆಂದು ಅವರು ಭಾವಿಸಿದ್ದರು. ಮುಂದಿನ ಸಂಶೋಧನೆಗಳು ಮಧ್ಯ ಹಾಗೂ ಅಂತ್ಯ ಹಳೆ ಶಿಲಾಯುಗಗಳನ್ನೂ ಸೂಕ್ಷ್ಮ ಶಿಲಾಯುಧಗಳ ಕಾಲವನ್ನೂ ಗುರುತಿಸಿ ಆ ಅಂತರವನ್ನು ತುಂಬಿವೆ. ಅವರ ಸಂಗ್ರಹದ ಬಹುಪಾಲು ನೆಲದ ಮೇಲಿನಿಂದ ಆಯ್ದುದು. ವ್ಯವಸ್ಥಿತ ಉತ್ಖನನ ಅವರ ಬದುಕಿನಲ್ಲಿ ವಿರಳ. ಕರ್ನೂಲು ಸೀಮೆಯ ಬಿಲ್ಲ ಸುರ್ಗಂ ಗುಹೆಗಳಲ್ಲಿ 1880ರ ದಶಕದಲ್ಲಿ ಅವರೂ ಅವರ ಮಗ ಹೆನ್ರಿ ಫೂಟ್ ಅವರೂ ನಡೆಸಿದ ಅಗೆತ ಇದಕ್ಕೆ ಅಪವಾದ. ನಿರಪೇಕ್ಷ ಕಾಲಗಣನೆಯ ಸಾಧನಗಳು ಆಗ ಇರಲಿಲ್ಲವಾದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಕ್ಕಿಂತ ಮುಂದೆ ಹೋಗುವುದು ಅವರಿಗೆ ಸಾಧ್ಯವಿರಲಿಲ್ಲ. ದಾರಿ ತೋರಿಸಿದ, ಸಾಮಾನು ಹೊತ್ತ, ಕಲ್ಲು ಆಯ್ದುಕೊಟ್ಟ ಸ್ಥಳೀಯರ ನೆರವಿಲ್ಲದೆ ಇಂಥ ಸರ್ವೇಕ್ಷಣೆ ನಡೆಯಲಾರದು. ಆದರೆ ವಸಾಹತು ಕಾಲದ ವಿದ್ವತ್ ಪರಂಪರೆಯಲ್ಲಿ ಅಂಥವರ ಹೆಸರುಗಳು ದಾಖಲಾಗುವುದು ಅಪರೂಪ. ಈ ಮಾತು ಫೂಟ್ ಅವರೊಬ್ಬರಿಗೇ ಸಂಬಂಧಿಸಿದ್ದಲ್ಲ.

1891ರಲ್ಲಿ ನಿವೃತ್ತರಾದ ಮೇಲೆ ಫೂಟ್ ಅವರು ಬರೋಡಾ ಸಂಸ್ಥಾನದ ಭೂಸರ್ವೇಕ್ಷಣೆಯನ್ನು ಕೈಗೊಂಡರು. 1894ರಲ್ಲಿ ಸ್ಥಾಪನೆಗೊಂಡ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. ಅನಂತರ ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿ ತಮ್ಮ ಸಂಗ್ರಹವನ್ನು ಅಣಿಗೊಳಿಸುವುದರಲ್ಲಿ ತೊಡಗಿದರು. 1904ರಲ್ಲಿ ಅದು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಚಿತಾಭಸ್ಮವನ್ನು ಏರ್ಕಾಡಿನ ಚರ್ಚಿನ ಆವರಣದಲ್ಲಿ ಹುಗಿಯಲಾಯಿತು. ಸಂಗ್ರಹದ ವಿವರಣಾತ್ಮಕ ಸೂಚಿ 1914ರಲ್ಲಿಯೂ, ಕಾಲ ಮತ್ತು ಹಂಚಿಕೆಯನ್ನು ಕುರಿತ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಪ್ರಕಟವಾದವು. ಯಾವ ವಸ್ತು ಯಾವ ಊರಿನದು, ಯಾವ ಕಲ್ಲಿನದು ಎಂಬ ವಿವರಗಳಿಂದಾಗಿ ಈ ಸಂಪುಟಗಳು ಇಂದಿಗೂ ಆಕರಗ್ರಂಥಗಳಾಗಿ ಉಳಿದಿವೆ.

ಫೂಟ್ ಅವರು ಎತ್ತಿದ ಪ್ರಶ್ನೆಗಳಿಗೆ ಮುಂದಿನವರು ಕಂಡುಕೊಂಡ ಉತ್ತರಗಳು ಆದಿಮಾನವನ ಬದುಕನ್ನು ನಮಗೆ ಹತ್ತಿರವಾಗಿಸಿವೆ. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಹಾಗೂ ಕುಮಾರ್ ಅಖಿಲೇಶ್ ಅವರ ಉತ್ಖನನ ಅಲ್ಲಿನ ಕೈಗೊಡಲಿಗಳ ಕಾಲವನ್ನು ಸುಮಾರು 15 ಲಕ್ಷ ವರ್ಷಗಳ ಹಿಂದಕ್ಕೆ ಒಯ್ದಿದೆ. ಈ ಫಲಿತಾಂಶ ಪ್ರಕಟವಾದುದು 2011ರಲ್ಲಿ. ಅಲ್ಲಿ ಮಧ್ಯ ಹಳೆ ಶಿಲಾಯುಗದ ತಂತ್ರ ಸುಮಾರು 3,85,000 ವರ್ಷಗಳ ಹಿಂದೆಯೇ ಮೊದಲಾಯಿತೆಂದು 2018ರಲ್ಲಿ ವರದಿಯಾಯಿತು. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಹಳೆ ಶಿಲಾಯುಗದ ಕಲ್ಲುಗಣಿಯನ್ನೂ ಅದಕ್ಕೆ ಅಂಟಿಕೊಂಡ ಆಯುಧ ತಯಾರಿಕೆಯ ನೆಲೆಯನ್ನೂ ಅಗೆದು ತೆಗೆದರು. ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ತಿಳಿದುಬಂದಿದೆ. ಅಲ್ಲಿನವರು ಬಳಸಿದ್ದು ಸುಣ್ಣಕಲ್ಲಿನ ಚಪ್ಪಡಿಗಳನ್ನು. ಕ್ವಾರ್ಟ್ಜೈಟ್ ಇಲ್ಲದೆಡೆ ಹಳೆ ಶಿಲಾಯುಗದ ಜನ ವಿರಳವೆಂಬ ಫೂಟ್ ಅವರ ನಿಲುವನ್ನು ಈ ನೆಲೆ ತಿದ್ದುತ್ತದೆ. ಆದರೆ ಕಲ್ಲಿನ ಮೂಲವನ್ನು ಹುಡುಕಿ ಹೊರಡುವ ಅವರ ಕ್ರಮ ಇಲ್ಲಿಯೂ ಮುಂದುವರಿದಿದೆ.

ಅದೇ ಜಿಲ್ಲೆಯ ಬೂದಿಹಾಳದಲ್ಲಿ ದನದ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿ, ಮಾಂಸ ಕಡಿಯುವ ನೆಲ, ಮಕ್ಕಳ ಸಮಾಧಿಗಳು ಒಟ್ಟಾಗಿ ಕಂಡುಬಂದವು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿ ಉತ್ಖನನ ಕೈಗೊಂಡರು. ಅನಂತರ ರವಿ ಕೋರಿಶೆಟ್ಟರ್ ಮತ್ತು ಅವರ ಸಹಸಂಶೋಧಕರು ಸಂಗನಕಲ್ಲು, ಕುಪ್ಗಲ್ಲಿನ ನೆಲೆಗಳಿಂದ ಸುಟ್ಟು ಕರಿಕಾದ ಕಾಳುಗಳನ್ನು ಸಂಗ್ರಹಿಸಿದರು. ಹುರುಳಿ, ಹೆಸರು, ಕೊರಲೆ ಮೊದಲಾದವು ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ಈ ಸೀಮೆಯ ಆಹಾರವಾಗಿದ್ದವೆಂಬುದು ಇದರಿಂದ ತಿಳಿಯಿತು. ಫೂಟ್ ಅವರು ಕೊಡಲಿಯನ್ನು ಕಂಡ ಗುಡ್ಡದಲ್ಲಿ ಇಂದು ನಮಗೆ ಕೊಡಲಿ ಮಾಡಿದವರ ಊಟವೂ ಕಾಣಸಿಗುತ್ತದೆ. ಬಳ್ಳಾರಿಯ ಪ್ರಾಗಿತಿಹಾಸ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರನ್ನಿಟ್ಟಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ.

ಈ ಜೀವನದಿಂದ ಕನ್ನಡದ ಸಂಶೋಧಕರು ಗ್ರಹಿಸಬೇಕಾದ ಮುಖ್ಯ ಅಂಶವೊಂದಿದೆ. ಶಾಸನವೊಂದನ್ನು ಅದರ ಸ್ಥಳದಿಂದ ಕಿತ್ತು ಬೇರೆಡೆ ಇಟ್ಟರೂ ಅದರ ಪಾಠ ಬಹುಮಟ್ಟಿಗೆ ಉಳಿಯುತ್ತದೆ. ಸ್ಥಳದ ದಾಖಲೆಯಿಲ್ಲದ ಕಲ್ಲಿನ ಆಯುಧ ಹಾಗಲ್ಲ. ತಾನು ಆಯುಧವೆಂಬುದರಾಚೆಗೆ ಅದು ಹೆಚ್ಚೇನನ್ನೂ ತಿಳಿಸಲಾರದು. ಫೂಟ್ ಅವರ ತೀರ್ಮಾನಗಳಲ್ಲಿ ಕೆಲವು ಬಿದ್ದುಹೋದರೂ ಅವರ ಸ್ಥಳವಿವರಗಳು ಉಳಿದವು. ಮುಂದಿನವರು ಅದೇ ನೆಲೆಗಳಿಗೆ ಮರಳಿ ಹೊಸ ಪ್ರಶ್ನೆಗಳನ್ನು ಕೇಳುವುದು ಅದರಿಂದಲೇ ಸಾಧ್ಯವಾಯಿತು. ಆದರೆ ಮರಳಿ ಹೋಗಲು ನೆಲೆಗಳೂ ಉಳಿದಿರಬೇಕು. ಬಳ್ಳಾರಿಯ ಸುತ್ತಲಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕೊರೆದಿದೆ. ಹೊಲಕ್ಕೆ ಗೊಬ್ಬರವೆಂದು ಅನೇಕ ಬೂದಿದಿಬ್ಬಗಳ ಮಣ್ಣನ್ನು ಸಾಗಿಸಲಾಗಿದೆ. ಹೀಗೆ ಅಳಿದ ನೆಲೆಯನ್ನು ಯಾವ ಹೊಸ ತಂತ್ರಜ್ಞಾನವೂ ಮರಳಿ ಕಟ್ಟಿಕೊಡಲಾರದು. ಉಳಿದಿರುವ ನೆಲೆಗಳನ್ನು ಊರೂರಿಗೆ ಹೋಗಿ ದಾಖಲಿಸುವ ಕೆಲಸ, ಆ ಊರಿನ ಹೆಸರು ಹಾಗೂ ಐತಿಹ್ಯಗಳನ್ನು ಬಲ್ಲ ಕನ್ನಡ ಅಧ್ಯಯನಕಾರರಿಗೂ ಸೇರಿದ್ದು.